ರಾಣಿಯ ಮನೆ ಮುಂದಿನ ಎಡಗಡೆ ಬೆಂಚು

ಮಾನ್ಯ ಅರಮನೆ ತೋಟದ ಮೇಲಧಿಕಾರಿಗಳೇ,

ನೀವು ಕ್ಷೇಮವೆಂದು ಭಾವಿಸಿದ್ದೇನೆ. ಕೂರಲು ಕುರ್ಚಿಯಿರುವವರು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತಾರೆ. ತೋಟದೊಳಗಿನ ರಾಣಿಯ ಪುಟ್ಟ ಅರಮನೆಯ ಮುಂದೆ, ಎಡಗಡೆ, ಒಂದು ಕಲ್ಲುಬೆಂಚಿತ್ತು. ಹೋದ ತಿಂಗಳು ಅದನ್ನು ಕೀಳಿಸಿದಿರಿ. ನನಗೆ ಅದು ವಾಪಸು ಬೇಕು. ನಿಮ್ಮ ಕಚೇರಿಗೆ ಬಂದು ಹೇಳಿದ್ದು ಗೋಡೆಗೆ ಹೇಳಿದಂತಾಯಿತು, ಅದಕ್ಕೇ ಪತ್ರಿಕೆಯಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು ದಾಟಿದವಳಲ್ಲ. ಮೊಮ್ಮಗಳು ಅಕ್ಷರ ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ನಿಮ್ಮ ಗುಮಾಸ್ತರು ಸಭ್ಯರು. "ಅಜ್ಜಿ, ಆ ಕಟ್ಟಡ ನೋಡಿ. ಆ ಕಡೆ ಎರಡು ಕಂಬ, ಈ ಕಡೆ ಎರಡು ಕಂಬ. ಕಿಟಕಿನೂ ಹಾಗೇ. ಬಲಗಡೆ ಬೆಂಚಿಲ್ಲ, ಎಡಗಡೆ ಮಾತ್ರ ಇದ್ರೆ ಅಂದ ಕೆಡುತ್ತೆ" ಎಂದರು.

"ಹಾಗಾದ್ರೆ ಬಲಗಡೆನೂ ಒಂದು ಹಾಕಪ್ಪಾ."

"ಮೂಲ ನಕ್ಷೆಯಲ್ಲಿ ಇಲ್ವಲ್ಲಾ."

"ಗೇಟಿನ ಹತ್ರ ನೀವು ಹಾಕಿರೋ ಟಿಕೆಟ್ ಕಿಟಕಿ ಆ ನಕ್ಷೆಯಲ್ಲಿ ಇತ್ತಾ?"

"ಅದನ್ನ ಸಾಹೇಬ್ರನ್ನ ಕೇಳಿ" ಎಂದರು. ಕೇಳುತ್ತಿದ್ದೇನೆ ಸಾಹೇಬರೇ, ಇತ್ತೇ?

ಜೋಡಿಯಿಲ್ಲದ್ದು ಅಂದ ಕೆಡಿಸುತ್ತದೆ, ಆದ್ದರಿಂದ ಕೀಳಬೇಕು ಎಂಬುದು ನಿಮ್ಮ ಕಾಯಿದೆ. ನನ್ನ ಯಜಮಾನರು ಹೋಗಿ ಬಹಳ ವರ್ಷವಾಯಿತು. ಮಂಚದ ಒಂದು ಪಕ್ಕದಲ್ಲೇ ಮಲಗುತ್ತೇನೆ. ನಿಮ್ಮ ಆಳುಗಳು ಹಾರೆ ಹಿಡಿದು ನಮ್ಮ ಮನೆಗೆ ಯಾವಾಗ ಬರುತ್ತಾರೆ?

ಮನೆಯಲ್ಲಿ ಜನವಿಲ್ಲವೆಂದಲ್ಲ. ಮಗಳು, ಅಳಿಯ, ಮೊಮ್ಮಗಳು, ಎಲ್ಲರೂ ಚಿನ್ನದಂಥವರು. "ಊಟ ಆಯ್ತಾ ಅಮ್ಮಾ?" ಎಂದು ತಪ್ಪದೆ ಕೇಳುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಆಮೇಲೆ ಕುಕ್ಕರಿನ ಜೊತೆ ಮಾತಾಡುತ್ತೇನೆ. ಅದಾದರೂ ಒಮ್ಮೊಮ್ಮೆ ಶಿಳ್ಳೆ ಹೊಡೆಯುತ್ತದೆ.

ದೊಡ್ಡ ಅರಮನೆಯ ಜನಜಂಗುಳಿ ತಾಳಲಾರದೆ, ಒಬ್ಬಳೇ ಇರಬೇಕೆಂದು ಆ ರಾಣಿ ಈ ಬಿಳಿ ಮನೆ ಕಟ್ಟಿಸಿಕೊಂಡಳಂತೆ. ಹಾಗೆಂದು ನಿಮ್ಮದೇ ಫಲಕ ಹೇಳುತ್ತದೆ. ಪುಣ್ಯವಂತೆ. ಒಂಟಿತನಕ್ಕೆ ಕಂಬ ನಿಲ್ಲಿಸಿಕೊಂಡಳು. ನನಗೆ ಅದು ಬಿಟ್ಟಿಯಾಗಿ ಸಿಕ್ಕಿತ್ತು; ಅದನ್ನು ಕಳೆಯಲೆಂದೇ ನಾನು ಆ ಬೆಂಚಿಗೆ ಹೋಗುತ್ತಿದ್ದೆ.

ಅಲ್ಲಿಗೆ ಒಬ್ಬಳು ಬರುತ್ತಿದ್ದಳು, ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತಳಾದವಳು. ಮೊದಲ ದಿನವೇ, "ಸ್ವಲ್ಪ ಒಳಗೆ ಸರೀರಿ, ಇನ್ನೂ ಜನ ಹತ್ತೋರಿದಾರೆ" ಎಂದಳು. ಸುತ್ತ ಒಂದು ನಾಯಿಯೂ ಇರಲಿಲ್ಲ.

"ನನ್ನ ಹತ್ರ ಟಿಕೆಟ್ ಇಲ್ಲ ಕಣೇ. ಇಳಿಸ್ತೀಯಾ?"

"ಬಾಯಿ ಜೋರಿರೋ ಮುದುಕೀರಿಗೆ ಫ್ರೀ. ಕೂತ್ಕೊಳ್ಳಿ."

ಅಂದಿನಿಂದ ದಿನಾ ಇದೇ ಪತ್ರಿಕೆ ತಂದು, ನಿಲ್ದಾಣಗಳ ಹೆಸರು ಕೂಗಿದಂತೆ ಜೋರಾಗಿ ಓದುತ್ತಿದ್ದಳು. ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತುವುದಿಲ್ಲ. ಓದು ಮುಗಿದ ಮೇಲೆ ಇಬ್ಬರೂ ಸೇರಿ ಲೋಕವನ್ನೆಲ್ಲ ಬೈಯುತ್ತಿದ್ದೆವು. ನಿಮ್ಮ ಸರದಿ ಮಾತ್ರ ಬಂದಿರಲಿಲ್ಲ.

ಅವಳ ಹೆಸರು ನನಗೆ ಗೊತ್ತಿಲ್ಲ. ನಾನು ಕಂಡಕ್ಟರಮ್ಮ ಎಂದೆ, ಅವಳು ಅಜ್ಜಿ ಎಂದಳು, ಅಷ್ಟು ಸಾಕಾಗಿತ್ತು. ದಿನಾ ಸಿಗುವವಳ ಮನೆ ಯಾವ ಬೀದಿಯೆಂದು ಯಾರು ಕೇಳುತ್ತಾರೆ? ಆ ಬೆಂಚೇ ನಮ್ಮಿಬ್ಬರ ವಿಳಾಸ. ಅದು ಹೋದ ಮೇಲೆ ಕಂಬಕ್ಕೆ ಒರಗಿ ಕಾದು ನೋಡಿದೆ. "ಕಂಬ ಮುಟ್ಬೇಡಿ" ಎಂದ ಕಾವಲುಗಾರ. ನನ್ನ ಮಂಡಿ ಹೆಚ್ಚು ಹೊತ್ತು ನಿಲ್ಲಗೊಡುವುದಿಲ್ಲ. ನಾನು ಹೊರಟ ಮೇಲೆ ಅವಳು ಬಂದಿರಬಹುದು. ಬೆಂಚೂ ಇಲ್ಲ, ಮುದುಕಿಯೂ ಇಲ್ಲ. ನನ್ನ ವಯಸ್ಸಿನವಳು ಹಾಗೆ ಕಾಣೆಯಾದರೆ ನೋಡಿದವರು ಏನೆಂದುಕೊಳ್ಳುತ್ತಾರೆ, ಸಾಹೇಬರೇ?

ಆದ್ದರಿಂದ ಬೆಂಚನ್ನು ಇದ್ದಲ್ಲೇ ಹಾಕಿಸಿ. ಅಂದ ಕೆಡುವುದಾದರೆ ಬಲಗಡೆಗೂ ಒಂದು ಹಾಕಿಸಿ. ಅಲ್ಲಿ ಕೂರುವಂಥವರು ಈ ಊರಲ್ಲಿ ಬೇಕಾದಷ್ಟಿದ್ದೇವೆ. ನೀವು ಈ ಪತ್ರ ಓದದಿದ್ದರೂ ಚಿಂತೆಯಿಲ್ಲ. ಈ ಪತ್ರಿಕೆಯನ್ನು ಒಂದಕ್ಷರ ಬಿಡದೆ ಜೋರಾಗಿ ಓದುವವಳು ಒಬ್ಬಳಿದ್ದಾಳೆ.

ಇಂತಿ,
ನಿಮ್ಮ ನಕ್ಷೆಯಲ್ಲಿ ಇಲ್ಲದ,
ಆದರೆ ಇನ್ನೂ ಬದುಕಿರುವ,
ಎಡಗಡೆ ಬೆಂಚಿನ ಅಜ್ಜಿ