ಅರ್ಜಿಯಲ್ಲಿ ಬರೆದ ವಿಷಯ

ಅಪ್ಪಾ,

ಇವತ್ತು ಎಂ.ಎ. ಪ್ರವೇಶಕ್ಕೆ ಹೋಗಿದ್ದೆ. ಅರ್ಜಿಯಲ್ಲಿ ವಿಷಯದ ಜಾಗ ಖಾಲಿ ಇದ್ದದ್ದು ನೋಡಿ ಗುಮಾಸ್ತರು, "ಅರ್ಥಶಾಸ್ತ್ರಾನೋ ಸಮಾಜಶಾಸ್ತ್ರಾನೋ, ಬೇಗ ಬರೀಮ್ಮ, ಹಿಂದೆ ಜನ ನಿಂತಿದ್ದಾರೆ" ಎಂದರು. ಸಮಾಜಶಾಸ್ತ್ರ ಎಂದೇ ಬರೆದೆ. ನೀನು ಓಡಿಸುತ್ತಿದ್ದ ಬಸ್ಸಿನಲ್ಲಿ ಕೂತು ಜನರ ಮಾತು ಕೇಳಿಯೇ ನನಗೆ ಈ ಹುಚ್ಚು ಹಿಡಿದದ್ದು. ಆದರೆ ಆಸ್ಪತ್ರೆಯಲ್ಲಿ ನೀನು, "ಅರ್ಥಶಾಸ್ತ್ರ ತಾನೇ ಮಗಳೇ?" ಎಂದಾಗ ಹೂಂ ಎಂದುಬಿಟ್ಟಿದ್ದೆ. ಮೂರನೆಯ ದಿನ ನೀನಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲೇ ಇಲ್ಲ.

"ನಿಮ್ಮಪ್ಪಂಗೆ ಗೊತ್ತಿತ್ತು ಕಣೇ. 'ಅವಳು ಓದೋದು ಸಮಾಜಶಾಸ್ತ್ರಾನೇ, ನನ್ನ ಸಮಾಧಾನಕ್ಕೆ ಹೂಂ ಅಂದ್ಲು' ಅಂತ ನಗ್ತಿದ್ರು."

ಎದೆ ಹಗುರವಾಯಿತು. ಎಷ್ಟೋ ದಿನಗಳ ಮೇಲೆ ಎರಡೆರಡು ಸಲ ಬಡಿಸಿಕೊಂಡು ಉಂಡೆ.

ಆ ನಗುವನ್ನು ನನ್ನೆದುರಿಗೇ ನಗಬಾರದಿತ್ತೇನಪ್ಪಾ?