ಎಲ್ಲರಿಗೂ ಹೇಳುವ ‘ಬನ್ನಿ ಬನ್ನಿ’

ಪಂಜ
13-11-2024, ಬುಧವಾರ

ಯಶಸ್ವಿಗೆ,

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಶುರು ಮಾಡುವುದು ಕ್ರಮ. ನಾನು ಹಾಗೆ ಬರೆಯುವುದಿಲ್ಲ. ಇಲ್ಲಿ ಕ್ಷೇಮ ಇಲ್ಲ. ನಿನ್ನ ಕ್ಷೇಮ ನಿನ್ನ ಅಣ್ಣ ಹರ್ಷಿತ್ ಹೇಳಿ ಗೊತ್ತುಂಟು.

ಫೋನು ಮಾಡಬಹುದಿತ್ತು. ಮಾಡಿದರೆ ನೀನು ನಡುವೆ ಮಾತಾಡುತ್ತಿ, ಇಲ್ಲವಾದರೆ ಅಳುತ್ತಿ. ನನಗೆ ಸಿಟ್ಟು ಬಂದು ಇಟ್ಟುಬಿಡುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಅಂಚೆಗೆ ಹಾಕಿದರೆ ಆದಿತ್ಯವಾರದ ಒಳಗೆ ಸಿಗುತ್ತದೆ ಎಂಬ ಧೈರ್ಯ ಇಲ್ಲ. ಕಡಬಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಹೈದರನ ಕೈಯಲ್ಲಿ ಕೊಡುತ್ತೇನೆ. ನಾನು ಕಂಡಕ್ಟರ್ ಆಗಿದ್ದಾಗ ಜನ ನನ್ನ ಕೈಯಲ್ಲೂ ಹೀಗೆ ಕೊಡುತ್ತಿದ್ದರು, ಒಂದನ್ನೂ ಕಳೆದವನಲ್ಲ. ಹೈದರ ಇದನ್ನು ನಿನ್ನ ಗಂಡ ರಿಜೋನ ಟಯರ್ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ.

ನೀನು ಆದಿತ್ಯವಾರ ಮಗುವನ್ನು ಕರೆದುಕೊಂಡು ಬರುತ್ತಿಯಂತೆ. ಅಮ್ಮ ಫೋನಿನಲ್ಲಿ ಕರೆದಳಂತೆ. ‘ಅಮ್ಮನ ಸಿಟ್ಟು ಇಳಿಯಿತು, ನನ್ನನ್ನು ಕ್ಷಮಿಸಿದ್ದಾಳೆ’ ಎಂದು ಹರ್ಷಿತನ ಹತ್ತಿರ ಹೇಳಿ ಅತ್ತೆಯಂತೆ. ಅವನೂ ಹೌದು ಹೌದು ಎಂದನಂತೆ. ಅವನಿಗೆ ಬುದ್ಧಿ ಇಲ್ಲ. ಅವಳ ಕಿವಿಗೆ ಫೋನು ಹಿಡಿದವನು ಅವನೇ, ಅವಳು ಹೇಗಿದ್ದಾಳೆ ಎಂದು ದಿನಾ ನೋಡುವವನೂ ಅವನೇ.

ಅಮ್ಮ ಅವತ್ತು ಹೇಳಿದ್ದೇನು? ‘ಈಗ ಬಂದದ್ದಾ? ಬನ್ನಿ ಬನ್ನಿ. ಆಯ್ತಾಯ್ತು.’ ಹೌದಲ್ಲವಾ? ನಮ್ಮ ಮನೆಮಾತು ಅರೆಭಾಷೆಯನ್ನು ಬರೆಯಲು ನನಗೆ ಬರುವುದಿಲ್ಲ, ಐದನೇ ಕ್ಲಾಸಿನವರೆಗೆ ಕಲಿಸಿದ್ದು ಈ ಕನ್ನಡ. ಆದರೆ ಮಾತು ಇದೇ. ಈಗ ನೀನೇ ಹೇಳು, ನಿನ್ನ ಅಮ್ಮ ಯಾವತ್ತಾದರೂ ನಿನ್ನನ್ನು ‘ಬನ್ನಿ’ ಎಂದು ಕರೆದದ್ದುಂಟಾ?

ಅದು ಜಗಲಿಗೆ ಬಂದವರಿಗೆ ಹೇಳುವ ಮಾತು. ಯಾರು ಮೆಟ್ಟಿಲು ಹತ್ತಿದರೂ ಬೆಲ್ಲ ನೀರು ತರುವ ಮೊದಲು ಅವಳು ಅದನ್ನು ಹೇಳಿಯೇ ಹೇಳುತ್ತಿದ್ದಳು. ಬಂದು ಎದುರು ನಿಂತವರನ್ನು ಬಂದದ್ದಾ ಎಂದು ಕೇಳುವುದು ಯಾಕೆ, ಕಣ್ಣಿಗೆ ಕಾಣುವುದಿಲ್ಲವಾ ಎಂದು ನಾನು ಬೈಯುತ್ತಿದ್ದೆ. ನನಗೆ ಹೆಚ್ಚಿನ ಮಾತು ಆಗುವುದಿಲ್ಲ, ನಿನಗೆ ಗೊತ್ತುಂಟು. ಬಸ್ಸಿನಲ್ಲಿ ಸ್ಟಾಪಿನ ಹೆಸರು ನಾನು ಒಂದೇ ಸಲ ಹೇಳುತ್ತಿದ್ದೆ. ಇಳಿಯದವರು ಮುಂದಿನದರಲ್ಲಿ ಇಳಿದು ನಡೆಯಲಿ. ಡ್ರೈವರ್ ‘ಹಿಂದೆ ರಿವರ್ಸ್ ಬರ್ತದಾ ನೋಡು’ ಅಂದರೆ, ಮುಂದೆ ರಿವರ್ಸ್ ಹೇಗೆ ಬರುತ್ತದೆ ಎಂದು ಕೇಳಿ ಜಗಳ ಆದದ್ದುಂಟು. ಹಾಗಿದ್ದವನಿಗೆ ಸಿಕ್ಕಿದ ಹೆಂಡತಿ ಇವಳು. ಇವಳ ಬಾಯಲ್ಲಿ ಗೇಟಿನ ಬಾಗಿಲು. ನಡು ಮಧ್ಯದಲ್ಲಿ. ಮತ್ತೆ ಪುನಃ. ಬಿಸಿ ಇರುವ ಬಿಸಿನೀರು. ರಿಟರ್ನ್ ವಾಪಸ್ ಬರುವಾಗ. ಒಂದು ತೆಂಗಿನಕಾಯಿ ಬಿದ್ದ ಸುದ್ದಿಯನ್ನು ಊಟ ಮುಗಿಯುವವರೆಗೆ ಹೇಳುತ್ತಿದ್ದಳು. ‘ಒಮ್ಮೆ ಹೇಳು ಮಾರಾಯ್ತಿ, ಸಾಕು’ ಅಂದರೆ, ‘ನಿಮಗೆ ಬಸ್ಸಲ್ಲಿ ಮಾತಿಗೂ ಟಿಕೇಟು ಹರಿದು ಅಭ್ಯಾಸ. ಇದು ಮನೆ, ಇಲ್ಲಿ ಫ್ರೀ, ಸುಮ್ಮನೆ ಕೇಳಿ’ ಎನ್ನುತ್ತಿದ್ದಳು. ನೀನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಸೆರಗಲ್ಲ, ಚೂಡಿದಾರದ ಶಾಲು.

ಚೌತಿ ಕಳೆದ ಮೇಲೆ ಅವಳು ಬಿದ್ದದ್ದು. ಪುತ್ತೂರಿನ ಆಸ್ಪತ್ರೆಗೆ ತಡ ಮಾಡದೆ ಕೊಂಡುಹೋಗಿದ್ದೇವೆ, ಅದರಲ್ಲಿ ಯಾರ ತಪ್ಪೂ ಇಲ್ಲ. ತಲೆಯ ಎಡಬದಿಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಮಾತು ಇರುವ ಜಾಗಕ್ಕೇ ಪೆಟ್ಟು ಎಂದರು ಡಾಕ್ಟರು. ಬೇಕಾದ ಮಾತೆಲ್ಲ ಹೋಯಿತು. ನೀರು, ಅನ್ನ, ನೋವು, ನನ್ನ ಹೆಸರು, ಹರ್ಷಿತನ ಹೆಸರು. ಯಾವುದು ಬೇಡ ಎಂದು ನಾನು ಬೈಯುತ್ತಿದ್ದೆನೋ ಅದು ಮಾತ್ರ ಉಳಿಯಿತು. ಬಾಯಿಪಾಠ ಆದ ಮಾತು ತಲೆಯಲ್ಲಿ ಬೇರೆ ಕಡೆ ಇರುತ್ತದಂತೆ.

ಮಾತು ಕಲಿಸಲಿಕ್ಕೆ ಅಲ್ಲಿ ಝೈನಬ ಎಂಬ ಹುಡುಗಿ ಇದ್ದಾಳೆ. ಒಳ್ಳೆಯ ಹುಡುಗಿ, ತಾಳ್ಮೆ ಉಂಟು. ದನದ ಚಿತ್ರ ತೋರಿಸಿ, ‘ಅಮ್ಮಾ, ಇದು ಎಂತ?’ ಎಂದು ಕೇಳುತ್ತಾಳೆ. ನಿನ್ನ ಅಮ್ಮ ಚಿತ್ರ ನೋಡಿ ನಗುತ್ತಾಳೆ. ‘ಅದೇ ಅಲ್ವಾ, ಮತ್ತೆ ಪುನಃ. ಬನ್ನಿ ಬನ್ನಿ.’ ದನಕ್ಕೂ ಬನ್ನಿ. ಲೋಟದ ಚಿತ್ರಕ್ಕೂ ಬನ್ನಿ. ಸೂಜಿ ಚುಚ್ಚಲಿಕ್ಕೆ ಬಂದವಳಿಗೆ ಆಯ್ತಾಯ್ತು. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತ ನನ್ನನ್ನು ನೋಡಿ ‘ಈಗ ಬಂದದ್ದಾ?’ ಮೊದಲ ದಿನಗಳಲ್ಲಿ, ಅಲ್ಲ, ಆಗಲೇ ಬಂದದ್ದು ಎನ್ನುತ್ತಿದ್ದೆ. ಈಗ, ಹೌದು ಈಗ ಬಂದದ್ದು ಎನ್ನುತ್ತೇನೆ.

ಕೊನೆಗೆ ಝೈನಬ ನನ್ನನ್ನು ಹೊರಗೆ ಕರೆದು ಹೇಳಿದಳು, ‘ಅಂಕಲ್, ಅದೆಲ್ಲ ಬಾಯಿಗೆ ಅಭ್ಯಾಸ ಆದದ್ದು. ಅದರಲ್ಲಿ ಅರ್ಥ ಹುಡುಕ್ಲಿಕ್ಕೆ ಹೋಗ್ಬೇಡಿ, ನಿಮಗೇ ಬೇಜಾರಾಗುದು.’ ಉಳಿದ ಮಾತು ಇನ್ನು ಬರುತ್ತದಾ ಎಂದು ಕೇಳಿದೆ. ‘ನೋಡುವ’ ಎಂದಳು. ಸೀಟು ಉಂಟಾ ಎಂದು ಕೇಳಿದವರಿಗೆ ನಾನೂ ‘ನೋಡುವ’ ಎನ್ನುತ್ತಿದ್ದೆ. ಅದರ ಅರ್ಥ ನನಗೆ ಗೊತ್ತುಂಟು.

ಹಾಗಾಗಿ ನಿನ್ನನ್ನು ಯಾರೂ ಕರೆದಿಲ್ಲ, ಕ್ಷಮಿಸಿಯೂ ಇಲ್ಲ. ನಿನ್ನ ಮೇಲೆ ಅವಳಿಗೆ ಸಿಟ್ಟು ಇತ್ತಾ ಎಂಬುದೂ ನನಗೆ ಗೊತ್ತಿಲ್ಲ. ನೀನು ರಿಜೋನ ಜೊತೆ ಹೋದ ಮೇಲೆ ಅವಳು ನಿನ್ನ ವಿಷಯ ಎತ್ತಲೇ ಇಲ್ಲ. ತೆಂಗಿನಕಾಯಿಗೆ ಅಷ್ಟು ಮಾತಾಡುವವಳು ಮಗಳಿಗೆ ಒಂದು ಮಾತೂ ಆಡಲಿಲ್ಲ. ಮನಸ್ಸಿನಲ್ಲಿ ಏನಿತ್ತೋ ಅದು ಒಳಗೇ ಉಳಿಯಿತು. ಇನ್ನು ಹೊರಗೆ ಬರುವುದಿಲ್ಲ. ಪಂಜದಿಂದ ಕಡಬ ಎಷ್ಟು ದೂರ, ಬಸ್ಸಿನಲ್ಲಿ ನಿದ್ದೆ ಹತ್ತುವ ಮೊದಲು ಮುಟ್ಟುತ್ತದೆ. ಬರುವುದಿದ್ದರೆ ಅವಳಿಗೆ ಮಾತಿದ್ದಾಗ ಬರಬೇಕಿತ್ತು ಎಂದು ಬರೆಯಲು ಕೂತವನು ನಾನು. ಬರೆಯುವುದಿಲ್ಲ.

ಅವಳು ಈಗ ಮನೆಯಲ್ಲೇ ಇದ್ದಾಳೆ. ಆದಿತ್ಯವಾರ ಬರುವುದಾದರೆ ಇದನ್ನೆಲ್ಲ ತಿಳಿದು ಬಾ. ಅವಳು ‘ಬನ್ನಿ ಬನ್ನಿ’ ಎನ್ನುವಾಗ ಕಾಲಿಗೆ ಬಿದ್ದು ಅಳಬೇಡ, ಆಮೇಲೆ ಅವಳು ಅದನ್ನೇ ಹಾಲಿನವನಿಗೆ ಹೇಳುವುದನ್ನು ಕೇಳಿ ಇನ್ನೊಮ್ಮೆ ಅಳಬೇಡ. ಮಗು ಅಜ್ಜಿ ಎಂದು ಕರೆದರೆ ‘ಆಯ್ತಾಯ್ತು’ ಎನ್ನುತ್ತಾಳೆ, ಅದು ಉತ್ತರ ಅಲ್ಲ. ಬಾರದಿದ್ದರೂ ಅವಳಿಗೆ ತಿಳಿಯುವುದಿಲ್ಲ. ಗೇಟಿಗೆ ಬೀಗ ಹಾಕುವುದಿಲ್ಲ, ಅಷ್ಟು ಹೇಳುತ್ತೇನೆ.

ಇತಿ,
ತೀರ್ಥರಾಮ

ತಾ.ಕ.: ಮೇಲೆ ಒಂದು ವಿಷಯ ಬರೆಯಲಿಲ್ಲ. ನೀನು ಹೋದ ದಿನ ನಾನು ಅಮ್ಮನಿಗೆ, ನಿನ್ನ ಹೆಸರು ಈ ಮನೆಯಲ್ಲಿ ಇನ್ನು ಬೇಡ ಎಂದಿದ್ದೆ. ಒಂದೇ ಸಲ ಹೇಳಿದ್ದು. ನಿನ್ನೆ ಅವಳಿಗೆ ಗಂಜಿ ಕುಡಿಸುವಾಗ ನಾನೇ ಕೇಳಿದೆ, ‘ದುಗ್ಗಮ್ಮ, ಯಶಸ್ವಿಯನ್ನು ಕರೆಯಲಾ?’ ಎಂದು. ದನಕ್ಕೂ ಲೋಟಕ್ಕೂ ಬನ್ನಿ ಎನ್ನುವವಳು ಬಾಯಿ ಮುಚ್ಚಿದಳು. ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಎರಡನೇ ಸಲ ಕೇಳಿದೆ. ಮತ್ತೆ ಪುನಃ ಕೇಳಿದೆ. ಗಂಜಿ ಆರಿತು.