ಸುಲೋಚನಾ ಆಯಿಗೆ, ಖಣದ ನಕ್ಷೆಯ ಕುರಿತು

ಗುಳೇದಗುಡ್ಡ, ಫೆಬ್ರವರಿ ಮೂವತ್ತು, 2236

ಸುಲೋಚನಾ ಆಯಿಯವರಿಗೆ ನೇತ್ರವ್ವನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ನಿಮ್ಮ ಕಾಲದಲ್ಲಿ ಆಗಿದ್ದ ಅನ್ಯಾಯವನ್ನು ನಮ್ಮವರು ಸರಿಪಡಿಸಿದ್ದಾರೆ, ಅಷ್ಟೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ಪತ್ರಗಳನ್ನು ಓದಿಯೇ ಕಲಿತವಳು ನಾನು. ನೀವು ನನಗೆ ಎಂಟು ತಲೆಮಾರು ಹಿಂದಿನ ಅಜ್ಜಿ.

ಇದು ಹಿಂದಂಚೆಯಲ್ಲಿ ಬರುತ್ತಿರುವ ಪತ್ರ. ಬರೆದದ್ದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿ ನಿಂತ ಹೊತ್ತಿನಲ್ಲಿ ಕೆರೆಗೆ ಬಿಟ್ಟರೆ ನೀರು ಅದನ್ನು ಹಿಂದಿನ ವರ್ಷಗಳಿಗೆ ಒಯ್ಯುತ್ತದೆ. ಹೇಗೆ ಎಂದು ಕೇಳಬೇಡಿ, ನನಗೂ ತಿಳಿಯದು. ಉತ್ತರವಂತೂ ಬರುವುದಿಲ್ಲ.

ಊರು ಇನ್ನೂ ನೇಯುತ್ತದೆ, ಆಯಿ. ಕುಪ್ಪಸದ ಖಣದ ಜೊತೆಗೆ ಈಗ ತೇಲುನೆರಳನ್ನೂ ನೇಯುತ್ತೇವೆ. ಎರಡು ಎಕರೆ ಅಗಲದ, ಉಸಿರಿಗಿಂತ ಹಗುರಾದ ಬಟ್ಟೆಗಳವು. ಬೆಳಿಗ್ಗೆ ಹಗ್ಗ ಸಡಿಲಿಸಿದರೆ ಮೆಲ್ಲಗೆ ಮೇಲೆದ್ದು, ಬಿಸಿಲು ಸರಿದಂತೆ ತಾವೂ ಸರಿಯುತ್ತ ದಿನವಿಡೀ ಊರ ಮೇಲೆ ನಿಲ್ಲುತ್ತವೆ. ಕೆಳಗೆ ಓಣಿಗಳಲ್ಲಿ ಬೆಳಕು ತಿಳಿನೀಲಿಯಾಗಿ ಇಳಿಯುತ್ತದೆ. ಮಧ್ಯಾಹ್ನ ಇಡೀ ಊರು ಕಟ್ಟೆಗಳ ಮೇಲೆ ಅಡ್ಡಾಗುತ್ತದೆ. ಮಗ್ಗಗಳು ನಿಲ್ಲುತ್ತವೆ, ಗಿಳಿಗಳು ಮಾತ್ರ ಎಚ್ಚರವಿರುತ್ತವೆ. ಸಂಜೆ ಎಲ್ಲರೂ ಸೇರಿ ನೆರಳನ್ನು ಎಳೆದು ಮಡಿಸಿಡುತ್ತೇವೆ. ಅದರ ಮಡಿಕೆಗಳಲ್ಲಿ ಒಮ್ಮೊಮ್ಮೆ ಮೋಡದ ತೇವ ಸಿಗುತ್ತದೆ, ಅದನ್ನು ಕಣ್ಣಿಗೆ ಒತ್ತಿಕೊಳ್ಳುವುದು ನನಗಿಷ್ಟ.

ನನ್ನ ಕಸುಬು ಬೇರೆ. ಹಳೆಯ ಕಂಪ್ಯೂಟರುಗಳ ಮನೆವಾರ್ತೆ ರಿಪೇರಿ ಮಾಡುತ್ತೇನೆ. ನೀವು ಆಪರೇಟಿಂಗ್ ಸಿಸ್ಟಮ್ ಎನ್ನುತ್ತಿದ್ದುದನ್ನೇ ನಾವು ಮನೆವಾರ್ತೆ ಎನ್ನುವುದು. ಅದು ಕೆಟ್ಟರೆ ಮನೆಯೊಳಗೆ ಎಲ್ಲ ಇದ್ದೂ ಬಾಗಿಲು ತೆರೆಯುವುದಿಲ್ಲ. ಈ ಕಸುಬಿಗೊಂದು ಕಟ್ಟಳೆ ಇದೆ. ಯಂತ್ರ ಮುಟ್ಟುವ ಮುಂಚೆ ಮನೆಮಂದಿಯನ್ನೆಲ್ಲ ಸುತ್ತ ಕೂರಿಸಿ, ಒಳಗೆ ಏನೇನಿದೆ, ಎಲ್ಲೆಲ್ಲಿದೆ ಎಂದು ಒಬ್ಬೊಬ್ಬರಿಂದಲೂ ಹೇಳಿಸಿಕೊಳ್ಳಬೇಕು. ಹೇಳಿದ್ದನ್ನೆಲ್ಲ ಮೊದಲು ಹೊರಗೆ ನಕಲು ಮಾಡಿಟ್ಟು, ಆಮೇಲೆ ರಿಪೇರಿ. ಇದಕ್ಕೆ ಹೇಳಿಕೆ ಕೂರುವುದು ಎನ್ನುತ್ತೇವೆ. ನಾನು ಮುನ್ನೂರು ಮನೆಗಳಲ್ಲಿ ಹೇಳಿಕೆ ಕೂತವಳು. ಒಂದು ಮನೆಯಲ್ಲೂ ಒಂದು ಫೋಟೋ ಕೂಡ ಕಳೆದುಹೋಗಿರಲಿಲ್ಲ.

ನಿಮ್ಮ ಕಂಪ್ಯೂಟರು ನಮ್ಮ ಮನೆಯಲ್ಲೇ ಇದೆ. ಪೆಟ್ಟಿಗೆ ಏಳು ಸಲ ಬದಲಾಗಿದೆ, ಹಳೆಯವನ್ನೆಲ್ಲ ಕರಗಿಸಿಬಿಟ್ಟಿದ್ದಾರೆ. ಒಳಗಿನದು ಮಾತ್ರ ನೀವಿಟ್ಟ ಹಾಗೇ ಇತ್ತು. ನೀವು ಬಿಡಿಸಿದ, ಬೆಳವಹಕ್ಕಿಯ ಕಣ್ಣಿನಂತೆ ಕಾಣುವ ಬೆಳವನಕಣ್ಣು ನಕ್ಷೆಯೂ ಅದರಲ್ಲೇ ಇತ್ತು. ಈ ಮನೆಯ ಹೆಣ್ಣುಮಕ್ಕಳ ಕುಬಸಕ್ಕೆ, ಅಂದರೆ ಬಸುರಿಗೆ ತವರಿನವರು ಮಾಡುವ ಕಾರ್ಯಕ್ಕೆ, ಎಂಟು ತಲೆಮಾರಿನಿಂದ ಆ ನಕ್ಷೆಯ ಖಣವನ್ನೇ ಹೊಸದಾಗಿ ನೇಯುತ್ತ ಬಂದಿದ್ದೇವೆ. ಹೆತ್ತ ಮೇಲೆ ಕೂಸನ್ನು ಅದರಲ್ಲೇ ಸುತ್ತುವುದು.

ಈಗ ನನ್ನ ಅಕ್ಕನ ಮಗಳು ಮಂದಾಕಿನಿ ಬಸುರಿ. ಅಕ್ಕ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ನಾನು. ಅವಳಿಗೆ ತವರು ಎಂದರೂ ನಾನೇ, ತಾಯಿ ಎಂದರೂ ನಾನೇ. ನಕ್ಷೆ ತೆಗೆಯೋಣವೆಂದು ಹೋದ ವಾರ ಕಂಪ್ಯೂಟರು ಹಚ್ಚಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ, ಮುಂದಕ್ಕೆ ಹೋಗಲೊಲ್ಲದು. ಮಂದಾ ಪಕ್ಕದಲ್ಲೇ ಇದ್ದಳು. "ಚಿಗವ್ವಾ, ಹೇಳಿಕಿ ಕೂಡೂದಿಲ್ಲೇನ?" ಎಂದಳು. "ನಮ್ಮನಿ ಸಾಮಾನ ನನಗ ಗೊತ್ತಿಲ್ಲೇನ? ನೀ ಸುಮ್ಕ ಕುಂದ್ರ" ಎಂದುಬಿಟ್ಟೆ.

ಅಹಂಕಾರ, ಆಯಿ. ಬೇರೇನೂ ಅಲ್ಲ.

ಸ್ವಂತ ಫೈಲುಗಳನ್ನು ಉಳಿಸಿಕೊಂಡು ರಿಪೇರಿ ಮಾಡಲೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ. ಅದು ಸುಳ್ಳು ಹೇಳಲಿಲ್ಲ. ನಿಮ್ಮ ಫೋಟೋಗಳು ಉಳಿದವು, ಪತ್ರಗಳು ಉಳಿದವು, ಯಾವುದೋ ಸಂತೆಯ ದಿನ ನೀವು ಬರೆದಿಟ್ಟ ಬದನೆಕಾಯಿ, ಹುಣಸೆಹಣ್ಣಿನ ಪಟ್ಟಿಯೂ ಉಳಿಯಿತು. ನಕ್ಷೆಯನ್ನು ಮಾತ್ರ ನೀವು ಸ್ವಂತದ್ದರ ಜೊತೆ ಇಟ್ಟಿರಲಿಲ್ಲ. ನೇಯ್ಗೆಯ ಸಾಫ್ಟ್‌ವೇರಿನ ಫೋಲ್ಡರಿನೊಳಗೇ ಬಿಟ್ಟಿದ್ದಿರಿ. ರಿಪೇರಿಯಲ್ಲಿ ಹಳೆಯ ಸಾಫ್ಟ್‌ವೇರುಗಳೆಲ್ಲ ಅಳಿಸಿಹೋಗುತ್ತವೆ, ಅವುಗಳ ಜೊತೆ ಅದೂ ಹೋಯಿತು. ಹೇಳಿಕೆ ಕೂತಿದ್ದರೆ ಮಂದಾಳೇ ಹೇಳುತ್ತಿದ್ದಳು. ಅದು ಎಲ್ಲಿದೆಯೆಂದು ಅಕ್ಕ ಅವಳಿಗೆ ಚಿಕ್ಕಂದಿನಲ್ಲೇ ತೋರಿಸಿದ್ದಳಂತೆ.

ಹಳೆಯ ಖಣ ನೋಡಿ ನೇಯಬಾರದೇ ಎನ್ನುತ್ತೀರಿ. ಉಳಿದಿದ್ದ ಕೊನೆಯದನ್ನು ಅಕ್ಕನಿಗೇ ತೊಡಿಸಿ ಮಣ್ಣು ಮಾಡಿದೆವು. ಫೋಟೋದಲ್ಲಿ ಬಣ್ಣ ಕಾಣುತ್ತದೆ, ಎಳೆ ಎಣಿಸಲು ಬರುವುದಿಲ್ಲ.

ಮಂದಾ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹೋಗ್ಲಿ ಬಿಡ ಚಿಗವ್ವ, ನಕ್ಷಿ ಇಲ್ಲದ ಬರೇ ಖಣಾನ ತೊಡ್ತೀನಿ" ಎಂದು ನನಗೇ ಸಮಾಧಾನ ಹೇಳಿ ಹಿತ್ತಲಿಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಅದಕ್ಕೇ ನಿಮ್ಮಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಇವತ್ತೇ ಆ ಕಂಪ್ಯೂಟರಿನ ಮುಂದೆ ಕೂತು ಬೆಳವನಕಣ್ಣನ್ನು ಆ ಫೋಲ್ಡರಿನಿಂದ ನಕಲು ಮಾಡಿ, ನಿಮ್ಮ ಫೋಟೋಗಳ ಪಕ್ಕದಲ್ಲಿಡಿ. ಹೊರಗೊಂದು ಪೆನ್‌ಡ್ರೈವಿನಲ್ಲೂ ಇರಲಿ. ಅದರ ಮೇಲೆ ನಕ್ಷೆಯ ಹೆಸರು ಬರೆಯಿರಿ. ಚಹಾ ಆರುವಷ್ಟು ಹೊತ್ತಿನ ಕೆಲಸ.

ಹಿಂದಂಚೆಯಲ್ಲಿ ಕೇಳಿದ್ದು ನಡೆದರೆ, ಅದು ಮೊದಲಿನಿಂದಲೂ ಹಾಗೇ ಇತ್ತೆಂದು ನಮಗನ್ನಿಸುತ್ತದಂತೆ. ಕಳೆದುಕೊಂಡದ್ದೂ ನೆನಪಿರುವುದಿಲ್ಲ, ಬೇಡಿದ್ದೂ ನೆನಪಿರುವುದಿಲ್ಲ. ಆದ್ದರಿಂದ ಪತ್ರ ಬಿಡುವವರು ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಾರೆ. ನಾನೂ ಈಗ ಹಾಕಿಕೊಂಡಿದ್ದೇನೆ. ಸೋಮವಾರ ಕುಬಸ. ಅವತ್ತು ಮಂದಾಳ ಉಡಿ ತುಂಬುವಾಗ ಈ ಗಂಟು ಕಣ್ಣಿಗೆ ಬಿದ್ದು, ಇದನ್ನು ಯಾಕೆ ಹಾಕಿಕೊಂಡೆನೋ ಎಂದು ನಾನು ತಲೆ ಕೆರೆದುಕೊಳ್ಳುವಂತಾಗಲಿ, ಆಯಿ. ಅಷ್ಟು ಮಾಡಿ.

ನಿಮ್ಮ ಮನೆಯ ಮಗಳು,
ನೇತ್ರವ್ವ